ಒಂದೇ ಪೆಟ್ಟಿಗೆಯಲ್ಲಿ ಎರಡು ಹಾವು ಸಾಕಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ ಮನೆಗಳಲ್ಲಿ ಹೆಚ್ಚಾಗಿ ಸಾಕುವ ಎರಡು ಹಾವುಗಳಿಗೆ ಸಂಬಂಧಿಸಿದವು: ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಜಾತಿ), ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್. ಬೋವಾ, ಕಿಂಗ್ ಸ್ನೇಕ್, ಗಾರ್ಟರ್ ಸ್ನೇಕ್‌ಗಳ ಮಾತು ಬಂದಲ್ಲಿ ಹೆಸರು ಹಿಡಿದೇ ಹೇಳಿದ್ದೇವೆ. ನಮ್ಮ ನೆಲದ ಹಾವುಗಳನ್ನು ಸಾಕುವುದು ಭಾರತದಲ್ಲಿ ಅಪರಾಧ. ಅದರ ವಿವರ ಕೊನೆಯ ಕಡೆ ಇದೆ.

ಎರಡು ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬಹುದೇ?

ಬೇಡ. ಒಂದು ಹಾವಿಗೆ ಒಂದು ಪೆಟ್ಟಿಗೆ.

ಕಚ್ಚಾಡಿಕೊಂಡು ಸಾಯುತ್ತವೆ ಎಂಬ ಭಯದಿಂದ ಈ ಮಾತು ಹೇಳುತ್ತಿಲ್ಲ. ಎಷ್ಟೋ ಜೋಡಿಗಳು ತಿಂಗಳುಗಟ್ಟಲೆ ಮೇಲ್ನೋಟಕ್ಕೆ ಏನೂ ಆಗದೆ ಇದ್ದುಬಿಡುತ್ತವೆ. ಆದರೆ ಏನಾದರೂ ಆಗುತ್ತಿದ್ದರೆ ಅದು ನಿಮಗೆ ಗೊತ್ತಾಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಹಾವು ನರಳುವುದಿಲ್ಲ, ಕುಂಟುವುದಿಲ್ಲ, ಬಂದು ಕಾಲಿಗೆ ಉಜ್ಜುವುದಿಲ್ಲ. ಅದರ ಆರೋಗ್ಯ ತಿಳಿಯಲು ಸಾಕುವವರಿಗಿರುವ ಕುರುಹುಗಳು ಕೆಲವೇ: ತಿಂದಿತೇ, ತಿಂದದ್ದನ್ನು ಕಕ್ಕಿತೇ, ಹಿಕ್ಕೆ ಹೇಗಿದೆ, ಪೊರೆ ಇಡಿಯಾಗಿ ಬಂತೇ, ತೂಕ ಎಷ್ಟಿದೆ. ಜೊತೆಗಿಟ್ಟ ದಿನದಿಂದ ಇವುಗಳಲ್ಲಿ ಮೊದಲ ನಾಲ್ಕು ಕಲಸಿಹೋಗುತ್ತವೆ. ಬೆಳಗ್ಗೆ ನೀರಿನ ಬಟ್ಟಲ ಪಕ್ಕದಲ್ಲಿ ಅರೆಜೀರ್ಣವಾದ ಇಲಿ ಬಿದ್ದಿದೆ, ಕಕ್ಕಿದ್ದು ಯಾವುದು? ತೂಕವೊಂದನ್ನೇ ನಂಬಿದರೆ, ಅದು ಇಳಿದದ್ದು ಕಾಣುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

ಬಾಲ್ ಪೈಥಾನ್‌ನಲ್ಲಿ ಇದು ಇನ್ನೂ ಕಷ್ಟ. ಆರೋಗ್ಯವಾಗಿರುವ ಬಾಲ್ ಪೈಥಾನ್ ಕೂಡ ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ, ಬೆದೆಯ ಕಾಲದ ಗಂಡುಗಳಲ್ಲಂತೂ ಇದು ಮಾಮೂಲು. ಒಂಟಿಯಾಗಿದ್ದ ಹಾವು ಊಟ ಬಿಟ್ಟರೆ ಬಿಸಿ, ತೇವ, ಅಡಗುತಾಣ ಮೂರನ್ನೂ ಪರೀಕ್ಷಿಸಿ, ತೂಕ ನೋಡುತ್ತ ಕಾಯಬಹುದು. ಜೊತೆಯಲ್ಲಿದ್ದರೆ ಜೊತೆಗಾರನ ಒತ್ತಡವೂ ಕಾರಣಗಳ ಪಟ್ಟಿಗೆ ಸೇರುತ್ತದೆ. ಅದನ್ನು ತಿಳಿಯಲು ಬೇರೆ ಮಾಡಿ ನೋಡುವುದೊಂದೇ ದಾರಿ.

ಜಗಳವೇ ಇಲ್ಲವಲ್ಲ? ಒಂದರ ಮೇಲೊಂದು ಸುರುಳಿ ಸುತ್ತಿ ಮಲಗುತ್ತವೆ. ಅದು ಪ್ರೀತಿಯಲ್ಲವೇ?

ಮೊದಲು ಅವು ಎಲ್ಲಿ ಮಲಗುತ್ತವೆ ನೋಡಿ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಬೆಚ್ಚಗಿನ ಮೂಲೆ ಒಂದೇ, ಅದರ ಮೇಲಿನ ಅಡಗುತಾಣವೂ ಒಂದೇ. ಹಾವಿಗೆ ಮೈಬಿಸಿ ಹೊರಗಿನಿಂದಲೇ ಬರಬೇಕು. ಬಿಸಿಯಿಲ್ಲದೆ ತಿಂದದ್ದು ಕರಗುವುದಿಲ್ಲ, ರೋಗದ ವಿರುದ್ಧ ದೇಹ ಕೆಲಸ ಮಾಡುವುದಿಲ್ಲ. ಹಾಗಾಗಿ ಎರಡೂ ಅದೇ ಜಾಗಕ್ಕೆ ಬರುತ್ತವೆ, ಜಾಗ ಸಾಲದೆ ಒಂದರ ಮೇಲೊಂದು ಕೂರುತ್ತವೆ. ನೋಡುವವರಿಗೆ ಅದು ಅಪ್ಪುಗೆಯಂತೆ ಕಾಣುತ್ತದೆ.

ಹಾವುಗಳ ಪೈಪೋಟಿಯಲ್ಲಿ ಸದ್ದಿಲ್ಲ. ದೊಡ್ಡದು ಬೆಚ್ಚಗಿನ ಜಾಗದಲ್ಲಿ ಕೂರುತ್ತದೆ, ಚಿಕ್ಕದು ತಣ್ಣಗಿನ ಬದಿಯಲ್ಲಿ ಉಳಿಯುತ್ತದೆ. ತಣ್ಣಗಿನ ಬದಿಯದು ಕಡಿಮೆ ತಿನ್ನುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಆಮೇಲೆ ಮೂಗಿನಲ್ಲಿ ಗುಳ್ಳೆ, ಬಾಯಲ್ಲಿ ಲೋಳೆ. ಒಂದೇ ದಿನ ತಂದ ಒಂದೇ ಅಳತೆಯ ಎರಡು ಮರಿಗಳಲ್ಲಿ ಆರೇಳು ತಿಂಗಳಿಗೆ ಒಂದು ದಪ್ಪ, ಇನ್ನೊಂದು ಸಣಕಲು ಆಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಕಾಡಿನಲ್ಲಿ ಹಾವುಗಳು ಜೋಡಿಯಾಗಿಯೇ ಇರುತ್ತವಂತೆ?

ಇಲ್ಲ. ನಾಗರಕಲ್ಲಿನ ಮೇಲೆ ಹೆಣೆದುಕೊಂಡ ಜೋಡಿಯನ್ನು ನೋಡುತ್ತ ಬೆಳೆದ ನಮಗೆ ಹಾವೆಂದರೆ ಗಂಡಹೆಂಡಿರ ಕುಟುಂಬ ಅನ್ನಿಸುವುದು ಸಹಜ. ಆದರೆ ಹೆಚ್ಚಿನ ಹಾವುಗಳು ಬೆದೆಯ ಕಾಲ ಬಿಟ್ಟರೆ ಒಂಟಿಯಾಗಿಯೇ ತಿರುಗುತ್ತವೆ. ಗದ್ದೆಯ ಬದುವಿನಲ್ಲಿ ಎರಡು ಕೇರೆ ಹಾವು ಅರ್ಧ ಮೈ ಎತ್ತಿ ಹೆಣೆದುಕೊಂಡು ಆಡುವುದನ್ನು ನಮ್ಮಲ್ಲಿ ಸರಸ ಎಂದೇ ಹೇಳುತ್ತಾರೆ. ಅಲ್ಲಿರುವುದು ಬಹುಪಾಲು ಎರಡು ಗಂಡುಗಳು. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತಿರುತ್ತದೆ. ಸೋತದ್ದಕ್ಕೆ ಬಯಲಿನಲ್ಲಿ ಓಡಿಹೋಗಲು ಜಾಗವಿದೆ. ನಾಲ್ಕಡಿ ಪೆಟ್ಟಿಗೆಯಲ್ಲಿ ಅದು ಎಲ್ಲಿಗೆ ಹೋಗಬೇಕು?

ಬಾಲ್ ಪೈಥಾನ್‌ಗಳು ಸಂಗ ಬಯಸುತ್ತವೆ ಎಂಬ ಅಧ್ಯಯನ ಬಂದಿದೆಯಲ್ಲ?

ಬಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೆನಡಾದ ವಿಲ್ಫ್ರಿಡ್ ಲಾರಿಯೆ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಇದನ್ನು ಪ್ರಕಟಿಸಿದರು. ಗಂಡು ಹೆಣ್ಣು ಬೆರೆತ ಆರಾರು ಎಳೆಯ ಬಾಲ್ ಪೈಥಾನ್‌ಗಳ ಗುಂಪುಗಳನ್ನು ವಿಶಾಲವಾದ ಆವರಣದಲ್ಲಿ ಬಿಟ್ಟು, ಸಾಕಷ್ಟು ಅಡಗುತಾಣ ಕೊಟ್ಟು, ಹತ್ತು ದಿನ ನೋಡಿದಾಗ, ಅವು ಅರ್ಧಕ್ಕಿಂತ ಹೆಚ್ಚು ಸಮಯವನ್ನು ಒಂದೇ ಅಡಗುತಾಣದಲ್ಲಿ ಒಟ್ಟಿಗೆ ಕಳೆದವು. ಇದೇ ತಂಡ 2020ರಲ್ಲಿ ಗಾರ್ಟರ್ ಹಾವುಗಳಲ್ಲೂ ಇಂಥದೇ ಒಡನಾಟವನ್ನು ದಾಖಲಿಸಿತ್ತು. ‘ಹಾವಿಗೆ ಇನ್ನೊಂದು ಹಾವು ಬೇಕೇ ಇಲ್ಲ’ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳುತ್ತಿದ್ದವರು ಆ ಮಾತನ್ನು ಸಡಿಲಿಸಲೇಬೇಕು.

ಆದರೆ ಆ ಪ್ರಯೋಗದಲ್ಲಿದ್ದವು ಎಳೆಯ ಹಾವುಗಳು, ಕಾಲ ಹತ್ತು ದಿನ, ಮತ್ತು ಬೇಡವೆನಿಸಿದ ಹಾವಿಗೆ ಬೇರೆ ಅಡಗುತಾಣಕ್ಕೆ ಹೋಗುವ ಆಯ್ಕೆ ಇತ್ತು. ಮನೆಯ ಪೆಟ್ಟಿಗೆಯಲ್ಲಿ ಹತ್ತು ವರ್ಷ ಜೊತೆಗಿಟ್ಟಾಗ ಯಾವುದಕ್ಕೆ ರೋಗ ತಗಲುತ್ತದೆ, ಯಾವುದು ಊಟ ಬಿಡುತ್ತದೆ ಎಂಬುದು ಅಲ್ಲಿನ ಪ್ರಶ್ನೆಯೇ ಆಗಿರಲಿಲ್ಲ. ಹಾವುಗಳು ಒಟ್ಟಿಗೆ ಮಲಗಲು ಬಯಸಿದರೂ ಕಕ್ಕಿದ್ದು ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆಫ್ರಿಕಾದ ಹಾವಿನ ಗುಡಿಯಲ್ಲಿ ಹತ್ತಾರು ಬಾಲ್ ಪೈಥಾನ್‌ಗಳು ಒಂದೇ ಕೋಣೆಯಲ್ಲಿರುತ್ತವೆ. ಅದು ಹೇಗೆ?

ಬೆನಿನ್ ದೇಶದ ವೀಡಾ ಪಟ್ಟಣದ ಗುಡಿ ಅದು. ಅಲ್ಲಿನ ಹಾವುಗಳನ್ನು ಬೇಟೆಗೆಂದು ರಾತ್ರಿ ಹೊರಗೆ ಬಿಡುವ ರೂಢಿಯಿದೆ, ಅವು ಊರೆಲ್ಲ ಸುತ್ತುತ್ತವೆ. ಹವೆ, ತೇವ, ಹುತ್ತ, ಇಲಿ ಎಲ್ಲವೂ ಅವುಗಳ ಸ್ವಂತ ನೆಲದ್ದೇ. ಅದನ್ನು ನೋಡಿ ಬೀಗ ಹಾಕಿದ ಪೆಟ್ಟಿಗೆಗೆ ಪಾಠ ಕಲಿಯುವಂತಿಲ್ಲ.

ಊಟದ ಹೊತ್ತಿಗೆ ಮಾತ್ರ ಬೇರೆ ಮಾಡಿದರೆ ಸಾಲದೇ?

ಅರ್ಧ ಪರಿಹಾರ, ಅದೂ ತನ್ನದೇ ತೊಂದರೆಗಳನ್ನು ತರುತ್ತದೆ. ಒಂದನ್ನು ಎತ್ತಿ ಊಟದ ಡಬ್ಬಿಗೆ ಹಾಕಿ, ಇಲಿ ಕೊಟ್ಟು, ನುಂಗಿದ ಮೇಲೆ ಮತ್ತೆ ಎತ್ತಿ ತರುವಾಗ ಹೊಟ್ಟೆ ತುಂಬಿದ ಹಾವನ್ನು ಕೈಯಾಡಿಸಿದಂತಾಗುತ್ತದೆ. ತಿಂದ ಮೇಲೆ ಕನಿಷ್ಠ 48 ಗಂಟೆ ಹಾವನ್ನು ಮುಟ್ಟಬಾರದು. ಮುಟ್ಟಿದರೆ ಕಕ್ಕುವ ಸಂಭವ ಹೆಚ್ಚು. ಇನ್ನೊಂದು ಅಪಾಯ ವಾಸನೆಯದು. ಹಿಂದಿರುಗಿದ ಹಾವಿನ ಮುಖಕ್ಕೆ, ಕುತ್ತಿಗೆಗೆ ಇಲಿಯ ವಾಸನೆ ಅಂಟಿರುತ್ತದೆ. ಪೆಟ್ಟಿಗೆಯೊಳಗಿರುವ ಹಾವಿಗೆ ಆ ವಾಸನೆಯ ಜೊತೆ ಒಂದು ಚಲನೆ ಕಂಡರೆ ಅದು ಊಟವೇ.

ಬೇರೆ ಪೆಟ್ಟಿಗೆ ಸಿದ್ಧವಾಗುವವರೆಗೆ ಅನಿವಾರ್ಯವಾಗಿ ಹೀಗೆ ಮಾಡುವುದಾದರೆ, ತಿಂದ ಹಾವನ್ನು ಆ ಡಬ್ಬಿಯಲ್ಲೇ ಬೆಚ್ಚಗೆ, ನೀರಿನ ಜೊತೆ ಎರಡು ದಿನ ಬಿಡಿ. ಎರಡು ದಿನ ಹಾಗೆ ಇಡಬಲ್ಲ ಡಬ್ಬಿ ಇದೆಯೆಂದರೆ ಎರಡನೆಯ ಪೆಟ್ಟಿಗೆ ಮುಕ್ಕಾಲು ಸಿದ್ಧವಾದಂತೆಯೇ.

ಎರಡೂ ಒಂದೇ ಇಲಿಯನ್ನು ಹಿಡಿದುಬಿಟ್ಟವು. ಏನು ಮಾಡಬೇಕು?

ಎಳೆಯಬೇಡಿ. ಹಾವಿನ ಹಲ್ಲುಗಳು ಗಂಟಲ ಕಡೆಗೆ ಬಾಗಿರುತ್ತವೆ. ಹಿಂದಕ್ಕೆ ಎಳೆದಷ್ಟೂ ಅವು ಆಳಕ್ಕೆ ನಾಟುತ್ತವೆ, ಮುರಿಯುತ್ತವೆ, ಬಾಯಿ ಹುಣ್ಣಾಗುತ್ತದೆ.

ಎರಡೂ ಬಾಯಿಗಳ ನಡುವೆ ಇಲಿ ಇನ್ನೂ ಕಾಣುತ್ತಿದ್ದರೆ ಚೂಪಾದ ಕತ್ತರಿಯಿಂದ ಇಲಿಯನ್ನು ಮಧ್ಯದಲ್ಲಿ ಕತ್ತರಿಸಿ. ನೋಡಲು ಅಸಹ್ಯ, ಆದರೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಉಪಾಯ ಬೇರೊಂದಿಲ್ಲ. ತಲೆಗಳು ಆಗಲೇ ಕೂಡಿಕೊಂಡು ಒಂದು ಇನ್ನೊಂದರ ಮೂತಿಯನ್ನು ನುಂಗತೊಡಗಿದ್ದರೆ, ನುಂಗುತ್ತಿರುವ ಹಾವಿನ ತಲೆಯ ಮೇಲೆ ತಣ್ಣೀರು ಸಣ್ಣಗೆ ಬಿಡಿ. ಬಿಡದಿದ್ದರೆ ಹತ್ತಿಯ ತುದಿಗೆ ಸ್ವಲ್ಪ ಹ್ಯಾಂಡ್ ಸ್ಯಾನಿಟೈಸರ್ ಅಥವಾ ಮೌತ್‌ವಾಶ್ ಹಚ್ಚಿ ಅದರ ತುಟಿಯ ಅಂಚಿಗೆ ತಾಗಿಸಿ. ರುಚಿ ಹಿಡಿಸದೆ ಬಾಯಿ ಸಡಿಲಿಸುತ್ತದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ತಾಗದಂತೆ ನೋಡಿಕೊಳ್ಳಿ, ಸುರಿಯಬೇಡಿ. ಸುರುಳಿ ಬಿಗಿದಿದ್ದರೆ ಬಾಲದ ತುದಿಯಿಂದ ಬಿಡಿಸುತ್ತ ಬನ್ನಿ, ತಲೆಯ ಕಡೆಯಿಂದ ಬಿಡಿಸಲು ಆಗುವುದಿಲ್ಲ. ಬಿಡಿಸಿದ ಕೂಡಲೇ ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಬಾಯಿ ನೀರಿನಿಂದ ತೊಳೆದು, ಒಂದು ವಾರ ಊಟ ಕೊಡದೆ ಬಾಯಿಯ ಊತ, ರಕ್ತ ಗಮನಿಸಿ. ಮುಖಕ್ಕೆ ಗಾಯವಾಗಿದ್ದರೆ ಸರೀಸೃಪ ಬಲ್ಲ ಪಶುವೈದ್ಯರೇ ನೋಡಬೇಕು.

ಸಾಕಿದ ಹಾವು ಇನ್ನೊಂದು ಹಾವನ್ನು ನಿಜವಾಗಿಯೂ ತಿನ್ನುತ್ತದೆಯೇ?

ಕಿಂಗ್ ಸ್ನೇಕ್, ಮಿಲ್ಕ್ ಸ್ನೇಕ್‌ಗಳ ಮಟ್ಟಿಗೆ ಇದನ್ನು ಪ್ರಶ್ನೆ ಎಂದೇ ಎಣಿಸಬೇಡಿ. ಕಿಂಗ್ ಸ್ನೇಕ್‌ಗೆ ಹಾವೂ ಆಹಾರ. ಅಮೆರಿಕದ ಬುಡುಬುಡಿಕೆ ಹಾವಿನ ವಿಷವನ್ನೂ ತಡೆದುಕೊಂಡು ಅದನ್ನು ನುಂಗುತ್ತದೆ. ನಮ್ಮ ಮಲೆನಾಡಿನಲ್ಲಿ ಕಾಳಿಂಗ ಸರ್ಪ ಕೇರೆ ಹಾವನ್ನು ನುಂಗುವುದನ್ನು ಕಂಡವರಿಗೆ ಇದೇನೂ ಹೊಸತಲ್ಲ, ಕಿಂಗ್ ಸ್ನೇಕ್‌ಗೂ ಕಾಳಿಂಗಕ್ಕೂ ನೆಂಟಸ್ತಿಕೆ ದೂರದ್ದಾದರೂ.

ಕಾರ್ನ್ ಸ್ನೇಕ್ ಸಾಮಾನ್ಯವಾಗಿ ಇಲಿ ತಿನ್ನುವ ಹಾವು. ಹಾಗಿದ್ದೂ ಮರಿಗಳು ಒಂದನ್ನೊಂದು ನುಂಗಿದ ಪ್ರಸಂಗಗಳು ಸಾಕುವವರಿಗೆ ಚಿರಪರಿಚಿತ. ಹುಟ್ಟಿದ ಮರಿಗೆ ಹಲ್ಲಿ ಎಂದರೆ ಬಲು ಆಸೆ. ಪಕ್ಕದಲ್ಲಿ ಹರಿದಾಡುವ ಪೆನ್ಸಿಲ್ ದಪ್ಪದ ತಮ್ಮನಿಗೂ ಹಲ್ಲಿಗೂ ವಾಸನೆಯಲ್ಲಿ ವ್ಯತ್ಯಾಸವಿದ್ದರೂ ಅಳತೆಯಲ್ಲಿ ಅಷ್ಟೇನೂ ಇಲ್ಲ. ನುಂಗಿದ ಮರಿ ಹೆಚ್ಚಾಗಿ ತಾನೂ ಬದುಕುವುದಿಲ್ಲ. ತನ್ನಷ್ಟೇ ಉದ್ದದ್ದನ್ನು ನುಂಗಿ ಕಕ್ಕುವಾಗ ಉಸಿರುಗಟ್ಟುತ್ತದೆ, ಇಲ್ಲವೇ ಒಳಗೆ ಕೊಳೆಯುತ್ತದೆ. ಅನುಭವಿ ಸಾಕಣೆದಾರರು ಮೊಟ್ಟೆಯೊಡೆದ ಮರಿಗಳನ್ನು ಮೊದಲ ಪೊರೆ ಬಿಡುವ ಮುಂಚೆಯೇ ಒಂದೊಂದು ಡಬ್ಬಿಗೆ ಹಾಕುವುದು ಇದಕ್ಕೇ.

ಬೇರೆ ಬೇರೆ ಜಾತಿಯ ಹಾವುಗಳನ್ನು ಒಟ್ಟಿಗೆ?

ಅದು ಇನ್ನೂ ಕೆಟ್ಟದ್ದು. ಬಾಲ್ ಪೈಥಾನ್‌ಗೆ ಬಿಸಿ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 55ರಿಂದ 70 ಬೇಕು. ಕಾರ್ನ್ ಸ್ನೇಕ್‌ಗೆ ಬಿಸಿ ಬದಿ 29ರಿಂದ 31, ತಣ್ಣನೆಯ ಬದಿ 21ರಿಂದ 25, ತೇವಾಂಶ ಶೇ. 40ರಿಂದ 60 ಸಾಕು. ನಡುವಿನದೊಂದು ಅಂಕಿ ಹಿಡಿದರೆ ಒಂದರ ಪೊರೆ ತುಂಡು ತುಂಡಾಗಿ ಕಣ್ಣಿನ ಮೇಲೆ ಉಳಿಯುತ್ತದೆ, ಇನ್ನೊಂದರ ಹೊಟ್ಟೆಯ ಹುರುಪೆ ತೇವಕ್ಕೆ ಕೊಳೆಯುತ್ತದೆ. ಒಂದು ಜಾತಿ ಏನೂ ಲಕ್ಷಣವಿಲ್ಲದೆ ಹೊತ್ತು ತಿರುಗುವ ರೋಗಾಣು ಇನ್ನೊಂದು ಜಾತಿಗೆ ಮಾರಕವಾಗಬಹುದು ಎಂಬುದು ಮುಂದಿನ ಉತ್ತರದಲ್ಲಿದೆ.

ಯಾವ ರೋಗಗಳು ಹರಡುತ್ತವೆ? ಎರಡೂ ಆರೋಗ್ಯವಾಗಿಯೇ ಕಾಣುತ್ತಿವೆಯಲ್ಲ?

ಆರೋಗ್ಯವಾಗಿ ಕಾಣುವುದು ಹಾವಿನಲ್ಲಿ ಬಹಳ ದುರ್ಬಲ ಸಾಕ್ಷಿ.

ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ವೈರಸ್ ರೋಗ ಬೋವಾ ಮತ್ತು ಹೆಬ್ಬಾವುಗಳಿಗೆ ಬರುತ್ತದೆ. ಇದರ ಹಿಂದೆ ಅರೀನಾವೈರಸ್ ಗುಂಪಿನದೊಂದು ವೈರಸ್ ಇದೆ ಎಂದು 2012ರಲ್ಲಿ ಗುರುತಿಸಿದರು. ಬೋವಾ ಇದನ್ನು ತಿಂಗಳು, ವರ್ಷಗಳ ಕಾಲ ಲಕ್ಷಣವಿಲ್ಲದೆ ಹೊರಬಲ್ಲದು. ಹೆಬ್ಬಾವಿನ ಜಾತಿಗೆ ತಗಲಿದರೆ ನರಮಂಡಲ ಕೆಟ್ಟು, ತಲೆ ಮೇಲಕ್ಕೆ ತಿರುಚಿಕೊಂಡು, ಅಂಗಾತ ಮಾಡಿದರೆ ಮಗುಚಿಕೊಳ್ಳಲಾಗದೆ ವಾರಗಳಲ್ಲೇ ಸಾಯುತ್ತದೆ. ಔಷಧಿಯಿಲ್ಲ.

ಬಾಲ್ ಪೈಥಾನ್‌ಗಳಲ್ಲಿ ನಿಡೋವೈರಸ್ ಕಾಟ 2014ರಿಂದ ದಾಖಲಾಗಿದೆ. ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ದಾರದಂತಹ ಲೋಳೆ ಇದರ ಗುರುತು. ಬಾಯಿ, ಉಸಿರಿನ ದ್ರವಗಳಿಂದ ಹರಡುತ್ತದೆ. ಒಂದೇ ನೀರಿನ ಬಟ್ಟಲು ಇದ್ದ ಕಡೆ ತಡೆಯುವ ಮಾತೇ ಇಲ್ಲ.

ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರಾವಲಂಬಿ ಹೊಟ್ಟೆಯ ಗೋಡೆಯನ್ನು ದಪ್ಪವಾಗಿಸುತ್ತದೆ. ತಿಂದ ಕೆಲವು ದಿನಕ್ಕೆ ಕಕ್ಕುವುದು, ಮೈಯ ನಡುಭಾಗದಲ್ಲಿ ಗಟ್ಟಿ ಉಬ್ಬು, ದಿನೇ ದಿನೇ ಸೊರಗುವುದು. ಇದು ಮಲದ ಮೂಲಕ ಹೊರಬೀಳುತ್ತದೆ, ಮನೆಯಲ್ಲಿ ಬಳಸುವ ಬ್ಲೀಚ್‌ಗೆ ಜಗ್ಗುವುದಿಲ್ಲ, ನಂಬಬಹುದಾದ ಚಿಕಿತ್ಸೆಯೂ ಇಲ್ಲ. ಪರೀಕ್ಷೆ ಒಮ್ಮೆ ನೆಗೆಟಿವ್ ಬಂದರೆ ಸಾಲದು, ರೋಗಾಣು ಬಿಟ್ಟು ಬಿಟ್ಟು ಹೊರಬರುವುದರಿಂದ ಮತ್ತೆ ಮತ್ತೆ ಮಾಡಿಸಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಹಾವಿನ ಮೈಟ್. ಸಾಸಿವೆಗಿಂತಲೂ ಚಿಕ್ಕ ಕಪ್ಪು ಉಣ್ಣಿ. ಕಣ್ಣಿನ ಸುತ್ತ, ಗದ್ದದ ಕೆಳಗಿನ ಮಡಿಕೆಯಲ್ಲಿ ಕೂತಿರುತ್ತದೆ, ನೀರಿನ ಬಟ್ಟಲಿನಲ್ಲಿ ಸತ್ತು ತೇಲುತ್ತದೆ. ಹಾವು ಗಂಟೆಗಟ್ಟಲೆ ನೀರಿನಲ್ಲೇ ಮುಳುಗಿ ಕೂತಿದ್ದರೆ ಮೊದಲು ಇದನ್ನೇ ಹುಡುಕಿ. ಮೊಟ್ಟೆಯಿಡುವುದು ಹಾವಿನ ಮೈಮೇಲಲ್ಲ, ಪೆಟ್ಟಿಗೆಯ ಬಿರುಕಿನಲ್ಲಿ. ಬಿಸಿ ಪೆಟ್ಟಿಗೆಯಲ್ಲಿ ಎರಡು ಮೂರು ವಾರಕ್ಕೆ ಹೊಸ ಪೀಳಿಗೆ ಸಿದ್ಧ. ರಕ್ತ ಹೀರುವುದರ ಜೊತೆಗೆ ಬ್ಯಾಕ್ಟೀರಿಯಾವನ್ನೂ ಒಂದರಿಂದ ಒಂದಕ್ಕೆ ದಾಟಿಸುತ್ತದೆ.

ಹಾಗಾಗಿ ಹೊಸ ಹಾವು ಬಂದರೆ ಪಕ್ಕದ ಪೆಟ್ಟಿಗೆಗೂ ನೇರ ಬರಬಾರದು. ಬೇರೆ ಕೋಣೆಯಲ್ಲಿ ಕನಿಷ್ಠ 90 ದಿನ ಕ್ವಾರಂಟೈನ್. ಬೋವಾ, ಹೆಬ್ಬಾವುಗಳಿಗೆ ಆರು ತಿಂಗಳಾದರೆ ಒಳ್ಳೆಯದು. ಹಾಸಿಗೆ ಬಿಳಿ ಟಿಶ್ಯೂ ಪೇಪರ್ ಹಾಕಿ, ಮೈಟ್ ಮತ್ತು ಹಿಕ್ಕೆ ಎರಡೂ ಎದ್ದು ಕಾಣುತ್ತವೆ. ಇಕ್ಕಳ, ಬಟ್ಟಲು, ಕೊಕ್ಕೆ ಪ್ರತ್ಯೇಕ. ದಿನದ ಕೆಲಸದಲ್ಲಿ ಹಳೆಯ ಹಾವುಗಳನ್ನು ಮೊದಲು ನೋಡಿ, ಹೊಸದನ್ನು ಕಡೆಗೆ, ಆಮೇಲೆ ಕೈ ತೊಳೆಯಿರಿ.

ಎರಡೂ ಹೆಣ್ಣು, ಅಥವಾ ಒಂದೇ ಸೂಲಿನವು. ಆದರೂ ಬೇಡವೇ?

ಅಂಗಡಿಯವರು ಎರಡೂ ಹೆಣ್ಣು ಎಂದರೆ ಅದನ್ನು ಅರ್ಧ ಮಾತ್ರ ನಂಬಿ. ಹಾವಿನ ಲಿಂಗ ಹೊರನೋಟಕ್ಕೆ ತಿಳಿಯುವುದಿಲ್ಲ. ಬಾಲದ ಬುಡದೊಳಗೆ ಮೊಂಡು ಸಲಾಕೆ ಇಳಿಸಿ ಎಷ್ಟು ಹುರುಪೆಯ ಆಳಕ್ಕೆ ಹೋಗುತ್ತದೆ ಎಂದು ಎಣಿಸುವುದು ಅನುಭವಿಗಳ ಕೆಲಸ, ಅವರಿಂದಲೂ ತಪ್ಪಾಗುತ್ತದೆ. ತಪ್ಪಾದರೆ ಪೂರ್ತಿ ಬೆಳೆಯದ ಹೆಣ್ಣು ಗಬ್ಬವಾಗುತ್ತದೆ. ಎಳೆಯ ಹೆಣ್ಣಿಗೆ ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ, ಇಲ್ಲವೇ ಸಾವು. ಕಾರ್ನ್ ಸ್ನೇಕ್ ಹೆಣ್ಣಿಗೆ ಮೂರು ವರ್ಷ, ಮೂರಡಿ, 300 ಗ್ರಾಂ ಮೂರೂ ಆಗುವ ಮೊದಲು ಗಂಡು ತೋರಿಸಬಾರದು ಎಂಬ ಲೆಕ್ಕ ಸಾಕಣೆದಾರರಲ್ಲಿ ಹಳೆಯದು. ಒಡಹುಟ್ಟು ಎಂಬುದನ್ನು ಗಂಡು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳಬಲ್ಲದು, ಆದ್ದರಿಂದ ಬೇರೆ ಮಾಡಿ ಬಹಳ ದಿನವಾದ ಮೇಲೂ ಮೊಟ್ಟೆ ಬಂದರೆ ಆಶ್ಚರ್ಯವಿಲ್ಲ.

ಎರಡೂ ಗಂಡಾದರೆ ಬೆದೆಯ ಕಾಲದಲ್ಲಿ ತಲೆ ಒತ್ತುವ ಕುಸ್ತಿ. ಎರಡೂ ನಿಜವಾಗಿ ಹೆಣ್ಣೇ ಆದರೆ ಊಟ, ಬಿಸಿ, ರೋಗ ಈ ಮೂರರ ತೊಂದರೆ ಮಾತ್ರ ಉಳಿಯುತ್ತದೆ. ಮೂರು ಸಾಕು.

ಮರಿ ಮಾಡಿಸುವವರು ಒಟ್ಟಿಗೆ ಇಡುತ್ತಾರಲ್ಲ?

ಇಡುತ್ತಾರೆ, ಗಂಟೆ ಇಲ್ಲವೇ ದಿನಗಳ ಲೆಕ್ಕದಲ್ಲಿ. ಕಾರ್ನ್ ಸ್ನೇಕ್‌ಗೆ ಚಳಿಗಾಲದ ತಂಪು ಕೊಟ್ಟ ಮೇಲೆ, ಹೆಣ್ಣು ಪೊರೆ ಬಿಟ್ಟ ಬೆನ್ನಿಗೆ ಗಂಡಿನ ಪೆಟ್ಟಿಗೆಗೆ ಬಿಟ್ಟು, ಕೂಡಿದ ಮೇಲೆ ತೆಗೆಯುತ್ತಾರೆ. ಬಾಲ್ ಪೈಥಾನ್‌ಗೆ ಸುಮಾರು 1,500 ಗ್ರಾಂ ದಾಟಿದ ಹೆಣ್ಣಿನ ಜೊತೆ ಒಂದರಿಂದ ಮೂರು ದಿನ, ನಡುವೆ ವಾರಗಳ ಬಿಡುವು. ಆ ದಿನಗಳಲ್ಲಿ ಪೆಟ್ಟಿಗೆಗೆ ಊಟ ಹಾಕುವುದಿಲ್ಲ. ಎರಡೂ ಕ್ವಾರಂಟೈನ್ ಮುಗಿಸಿ, ಪರೀಕ್ಷೆಯಾದ ಹಾವುಗಳಾಗಿರುತ್ತವೆ.

ಒಟ್ಟಿಗೆ ಇಡಬಹುದಾದ ಹಾವು ಒಂದೂ ಇಲ್ಲವೇ?

ಗಾರ್ಟರ್ ಸ್ನೇಕ್ ಇದೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಾರ್ಸಿಸ್‌ನಲ್ಲಿ ಸುಣ್ಣಕಲ್ಲಿನ ಬಿಲಗಳಲ್ಲಿ ಹತ್ತಾರು ಸಾವಿರ ಗಾರ್ಟರ್ ಹಾವುಗಳು ಒಟ್ಟಾಗಿ ಚಳಿಗಾಲ ಕಳೆಯುತ್ತವೆ, ವಸಂತದಲ್ಲಿ ನೆಲವೇ ಹರಿದಾಡುವಂತೆ ಹೊರಬರುತ್ತವೆ. ಸಾಕುವವರು ಎರಡು ಮೂರನ್ನು ಒಟ್ಟಿಗೆ ಇಟ್ಟು ನಿಭಾಯಿಸುವುದುಂಟು. ಅದಕ್ಕೂ ಷರತ್ತುಗಳಿವೆ.

ಎಲ್ಲವೂ ಒಂದೇ ಜಾತಿ, ಹತ್ತಿರಹತ್ತಿರ ಒಂದೇ ಗಾತ್ರ, ಒಂದೇ ಲಿಂಗ. ಗಂಡುಗಳು ಸೇರಿದರೆ ಹೆಣ್ಣನ್ನು ಕಾಡಿ ಸೊರಗಿಸುತ್ತವೆ. ಮೂರಕ್ಕೆ 120 ಸೆಂಟಿಮೀಟರ್ ಉದ್ದ, 60 ಅಗಲದ ಪೆಟ್ಟಿಗೆ. ಹಾವುಗಳ ಸಂಖ್ಯೆಗಿಂತ ಒಂದು ಹೆಚ್ಚು ಅಡಗುತಾಣ ಬಿಸಿ ಬದಿಯಲ್ಲಿ, ಅಷ್ಟೇ ತಣ್ಣನೆಯ ಬದಿಯಲ್ಲಿ. ಬಿಸಿ ಜಾಗ ಎಲ್ಲವೂ ಒಟ್ಟಿಗೆ ಮೈಚಾಚುವಷ್ಟು ಅಗಲವಿರಬೇಕು, ಒಂದು ಬಲ್ಬಿನ ಕೆಳಗಿನ ತಟ್ಟೆಯಷ್ಟಲ್ಲ. ಊಟ ಮಾತ್ರ ಪ್ರತಿಯೊಂದಕ್ಕೂ ಬೇರೆ ಡಬ್ಬಿಯಲ್ಲಿ, ಏಕೆಂದರೆ ಊಟದ ವಾಸನೆ ಬಂದ ಗಾರ್ಟರ್ ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಜೊತೆಗಾರನ ಮೂತಿಯನ್ನೂ. ಮೀನು ಕೊಡುವವರು ಗೋಲ್ಡ್‌ಫಿಶ್ ಕೊಡಬೇಡಿ. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆದು ಹಾವಿಗೆ ನಡುಕ, ಸೆಳೆತ ತರಿಸುತ್ತದೆ.

ಮೊದಲ ಹಾವು ಸಾಕುತ್ತಿರುವವರು ಈ ಸಾಹಸಕ್ಕೆ ಹೋಗದಿರುವುದೇ ಮೇಲು.

ಪೆಟ್ಟಿಗೆ ತುಂಬ ದೊಡ್ಡದಿದ್ದರೆ? ನಡುವೆ ತಡೆ ಹಾಕಿದರೆ?

ದೊಡ್ಡದಾದಷ್ಟೂ ಬಿಸಿಯ ಪೈಪೋಟಿ ಕಡಿಮೆಯಾಗುತ್ತದೆ. ರೋಗ, ಊಟ, ಕುರುಹುಗಳ ಗೊಂದಲ ಹಾಗೇ ಇರುತ್ತದೆ. 120 ಸೆಂಟಿಮೀಟರಿನ ಪೆಟ್ಟಿಗೆಗೆ ತಡೆ ಹಾಕಿದರೆ 60ರ ಎರಡು ಭಾಗಗಳಾಗುತ್ತವೆ. ದೊಡ್ಡ ಹಾವಿಗೆ ಅದು ಸಾಲದು, ಅಷ್ಟರಲ್ಲಿ ಬಿಸಿ ಬದಿ ತಣ್ಣನೆಯ ಬದಿ ಎರಡನ್ನೂ ಮಾಡಲಾಗದು. ಮರಿಗಳಿಗೆ ಅಳತೆ ಸಾಕಾಗುತ್ತದೆ, ಆದರೆ ಕಾರ್ನ್ ಸ್ನೇಕ್ ಮರಿ ಪೆನ್ಸಿಲ್ ತೂರುವ ಸಂದಿಯಲ್ಲಿ ತೂರುತ್ತದೆ. ಮೈಟ್‌ಗಂತೂ ತಡೆಯೇ ಇಲ್ಲ.

ಆಗಲೇ ಒಟ್ಟಿಗೆ ಇಟ್ಟಾಗಿದೆ. ಬೇರೆ ಮಾಡುವುದು ಹೇಗೆ?

ಚಿಕ್ಕ ಹಾವಿಗೆ ದುಬಾರಿ ಗಾಜಿನ ಪೆಟ್ಟಿಗೆ ಬೇಕಿಲ್ಲ. ಮುಚ್ಚಳಕ್ಕೆ ಕ್ಲಿಪ್ ಇರುವ 50–60 ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸದ್ಯಕ್ಕೆ ಸಾಕು. ಬೆಳೆದ ಕಾರ್ನ್ ಸ್ನೇಕ್ ಅಥವಾ ಬಾಲ್ ಪೈಥಾನ್‌ಗೆ ಮುಂದೆ 120×60 ಸೆಂಟಿಮೀಟರಿನದು ಮಾಡಿಕೊಳ್ಳಿ.

1. ಎರಡು ಎದುರುಬದುರು ಬದಿಗಳಲ್ಲಿ, ಮೇಲಂಚಿನ ಕೆಳಗೆ, ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ 4–5 ಮಿಲಿಮೀಟರಿನ ತೂತುಗಳನ್ನು ಸಾಲಾಗಿ ಮಾಡಿ. ಒಳಗಿನಿಂದ ಹೊರಗೆ ಚುಚ್ಚಿ, ಚೂಪಾದ ಅಂಚು ಹೊರಗೆ ಉಳಿಯಲಿ. ಕಿಟಕಿ ತೆರೆದಿಟ್ಟು ಮಾಡಿ, ಪ್ಲಾಸ್ಟಿಕ್ ಹೊಗೆ ಕೆಟ್ಟದ್ದು.

2. ತಳದ ಮೂರನೇ ಒಂದು ಭಾಗದಷ್ಟು ಹೀಟ್ ಮ್ಯಾಟ್ ಅನ್ನು ಡಬ್ಬಿಯ ಹೊರಗೆ, ಅಡಿಯಲ್ಲಿ ಇಡಿ. ಡಬ್ಬಿಯ ನಾಲ್ಕು ಮೂಲೆಗೆ ಕಾಲುಗಳಂತೆ ಸಣ್ಣ ರಬ್ಬರ್ ತುಂಡುಗಳನ್ನು ಅಂಟಿಸಿ, ಮ್ಯಾಟ್ ಭಾರಕ್ಕೆ ಅದುಮಿ ಕಾಯಬಾರದು.

3. ಥರ್ಮೋಸ್ಟಾಟ್ (ಬಿಸಿಯನ್ನು ಹಿಡಿತದಲ್ಲಿಡುವ ಸಾಧನ) ಇಲ್ಲದೆ ಮ್ಯಾಟ್ ಹಾಕಲೇಬೇಡಿ. ಹಿಡಿತವಿಲ್ಲದ ಮ್ಯಾಟ್ 45 ಡಿಗ್ರಿ ದಾಟಿ ಹಾವಿನ ಹೊಟ್ಟೆ ಸುಡುತ್ತದೆ, ಹಾವು ಅದರಿಂದ ಸರಿಯುವುದೂ ಇಲ್ಲ. ಅದರ ಸಂವೇದಕದ ತುದಿಯನ್ನು ಮ್ಯಾಟಿಗೂ ಡಬ್ಬಿಯ ತಳಕ್ಕೂ ನಡುವೆ ಟೇಪಿನಿಂದ ಅಂಟಿಸಿ. ಒಳಗಿಟ್ಟರೆ ಹಾವು ತಳ್ಳುತ್ತದೆ, ಇಲ್ಲವೇ ನೀರು ಚೆಲ್ಲಿ ತಣ್ಣಗಾಗಿ ಥರ್ಮೋಸ್ಟಾಟ್ ಮೋಸಹೋಗುತ್ತದೆ.

4. ಹಾವಿಲ್ಲದೆ 24 ಗಂಟೆ ಓಡಿಸಿ. ಒಳಗಿನ ನೆಲದ ಬಿಸಿಯನ್ನು ಡಿಜಿಟಲ್ ಥರ್ಮಾಮೀಟರಿನಲ್ಲಿ ನೋಡಿ, ಬೇಕಾದ ಅಂಕಿ ಬರುವವರೆಗೆ ಥರ್ಮೋಸ್ಟಾಟ್ ತಿರುಗಿಸಿ.

5. ಒಂದೇ ಬಗೆಯ ಎರಡು ಅಡಗುತಾಣ, ಎರಡೂ ಬದಿಗೆ. ಬೇರೆ ಬೇರೆ ಬಗೆಯವಾದರೆ ಹಾವು ಇಷ್ಟವಾದುದರಲ್ಲೇ ಕೂತು ಬಿಸಿ ಬಿಟ್ಟುಕೊಡುತ್ತದೆ. ಸುರುಳಿ ಸುತ್ತಿದ ಮೈ ಮೂರೂ ಕಡೆ ತಾಗುವಷ್ಟು ಇಕ್ಕಟ್ಟಾಗಿರಲಿ.

ಹಳೆಯ ಪೆಟ್ಟಿಗೆಯಲ್ಲಿ ದೊಡ್ಡದನ್ನು ಬಿಡದೆ ಸೊರಗಿದ ಹಾವನ್ನು ಅಲ್ಲೇ ಬಿಟ್ಟು, ಗಟ್ಟಿಯಾದದ್ದನ್ನು ಹೊಸದಕ್ಕೆ ಸಾಗಿಸಿ. ದುರ್ಬಲವಾದದ್ದಕ್ಕೆ ಹೊಸ ಜಾಗದ ಒತ್ತಡ ಬೇಡ. ಏಳು ದಿನ ಇಬ್ಬರನ್ನೂ ಮುಟ್ಟಬೇಡಿ, ನೀರು ಮಾತ್ರ ಬದಲಿಸಿ. ಎಂಟನೆಯ ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ಬರೆದಿಟ್ಟು, ಮೈಯ ಅತಿ ದಪ್ಪದ ಭಾಗದಷ್ಟೇ ದಪ್ಪದ ಇಲಿ ಕೊಡಿ. ಹಿಂದೆ ಯಾವುದಾದರೂ ಕಕ್ಕಿದ್ದರೆ ಎರಡಕ್ಕೂ ಕೊನೆಯ ಸಲ ಕಕ್ಕಿದ ದಿನದಿಂದ 10ರಿಂದ 14 ದಿನ ಬಿಟ್ಟು, ಮಾಮೂಲಿನ ಅರ್ಧ ಗಾತ್ರದ್ದು ಕೊಡಿ. ಮರಿಗಳ ತೂಕ ವಾರಕ್ಕೊಮ್ಮೆ, ದೊಡ್ಡವುಗಳದ್ದು ತಿಂಗಳಿಗೊಮ್ಮೆ ನೋಡಿ. ಹತ್ತನೇ ಒಂದು ಭಾಗ ಇಳಿದರೆ ವೈದ್ಯರ ಹತ್ತಿರ ಹೋಗಿ. ಈಗ ಯಾವುದಕ್ಕೆ ಏನಾಗಿದೆ ಎಂದು ಅವರಿಗೆ ಹೇಳಲು ನಿಮ್ಮಲ್ಲಿ ಮಾಹಿತಿ ಇರುತ್ತದೆ.

ಬೇರೆ ಮಾಡಿದ ಮೇಲೆ ಒಂಟಿತನದಿಂದ ಊಟ ಬಿಟ್ಟಿತೇ?

ಮೊದಲ ಒಂದೆರಡು ವಾರದ ಉಪವಾಸ ಹೊಸ ಜಾಗದ್ದು. ಬಿಸಿ ಸರಿಯಿದ್ದು, ಅಡಗುತಾಣ ಇಕ್ಕಟ್ಟಾಗಿದ್ದು, ನೀವು ದಿನಕ್ಕೆ ಮೂರು ಸಲ ಮುಚ್ಚಳ ತೆರೆಯದಿದ್ದರೆ ಹೆಚ್ಚಿನವು ತಾವೇ ತಿನ್ನತೊಡಗುತ್ತವೆ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಯಾವುದನ್ನೂ ಸಾಕುವಂತಿಲ್ಲ. ‘ಎರಡು ತಲೆ ಹಾವು’ ಎಂದು ಲಕ್ಷಗಟ್ಟಲೆ ಹೇಳಿ ಮಾರಲು ಬರುವವರು ತರುವುದು ಈ ಮಣ್ಣುಮುಕ್ಕವನ್ನೇ. ಕೊಂಡವರ ಮೇಲೂ ಮೊಕದ್ದಮೆ ಬೀಳುತ್ತದೆ. ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ, ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳು ಇದ್ದರೆ ನೋಂದಾಯಿಸಬೇಕು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ಇದನ್ನು ಮಾಡಬೇಕು. ಕೈ ಬದಲಾದರೂ, ಸತ್ತರೂ, ಮರಿಯಾದರೂ ತಿಳಿಸಬೇಕು. ‘ಎರಡೂ ಹೆಣ್ಣು’ ಎಂದು ನಂಬಿ ಒಟ್ಟಿಗೆ ಇಟ್ಟವರಿಗೆ ಈ ಕಡೆಯ ಮಾತು ವಿಶೇಷವಾಗಿ ಅನ್ವಯ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದು ಅಲ್ಲಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ 9ನೇ ಕಲಂ. ಪ್ರಾಣಿಯ ಅಗತ್ಯಗಳ ಪಟ್ಟಿಯಲ್ಲಿ, ಬೇರೆ ಪ್ರಾಣಿಗಳ ಜೊತೆಯಲ್ಲಿ ಅಥವಾ ಅವುಗಳಿಂದ ದೂರ ಇರಿಸಬೇಕಾದ ಅಗತ್ಯವನ್ನೂ ಅದು ಸೇರಿಸಿದೆ. ನ್ಯೂಜಿಲೆಂಡ್, ಹವಾಯಿಗಳಲ್ಲಿ ಹಾವು ಸಾಕುವುದೇ ನಿಷಿದ್ಧ.

ಪೆಟ್ಟಿಗೆ ಬೇರೆಯಾದರೂ, ಹೊರಗೆ ತೆಗೆದಾಗ ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿಯಬಹುದೇ?

ಫೋಟೋಗೆ ಚೆನ್ನ, ಹಾವಿಗೆ ಅದರಿಂದ ಏನೂ ಸಿಗುವುದಿಲ್ಲ, ಮೈಟ್‌ಗೆ ಮಾತ್ರ ಸೇತುವೆ. ಒಂದನ್ನು ಒಳಗಿಟ್ಟು, ಕೈ ತೊಳೆದು, ಇನ್ನೊಂದನ್ನು ತೆಗೆಯಿರಿ. ಇಲಿ ಮುಟ್ಟಿದ ದಿನ ಎರಡನ್ನೂ ಬೇಡ.